ಗುಂಡಿ ಒತ್ತುವ ಮೊದಲಿನ ಆ ಎರಡು ನಿಮಿಷ

ಪ್ರೀತಿಯ ತಮ್ಮಾ,

ವಿಡಿಯೋ ಗೇಮ್‌ಗೆ ಅಂತ ನೀನು ಬರೆದು ಕಳಿಸಿದ ಕ್ವೆಸ್ಟ್, ಅಂದರೆ ಆಟಗಾರ ಆಡಿ ಮುಗಿಸಬೇಕಾದ ಕಥೆಯ ತುಣುಕು, ಎರಡು ಸಲ ಓದಿದೆ. ಕಾಡಂಚಿನ ಆ ಮದ್ದು ಕೊಡುವ ಹೆಂಗಸು ಚೆನ್ನಾಗಿ ಬಂದಿದ್ದಾಳೆ. ಮಾತಾಡುವಾಗಲೆಲ್ಲ ಕೈ ಒರೆಸಿಕೊಳ್ಳುತ್ತಾಳಲ್ಲ, ಅದು ನನಗೆ ತುಂಬಾ ಹಿಡಿಸಿತು. ಕೊನೆಗೆ ಬಂದಾಗ ಮಾತ್ರ ಸಿಟ್ಟು ಬಂತು. ಊರಿನ ಮಕ್ಕಳು ಕಾಣೆಯಾಗಿದ್ದಾರೆ, ಅನುಮಾನ ಇವಳ ಮೇಲೆ. ಆಟಗಾರ ಅವಳನ್ನು ಊರವರಿಗೆ ಒಪ್ಪಿಸಿದರೆ ಪಾಪ, ಅವಳದ್ದೇನೂ ತಪ್ಪಿರಲಿಲ್ಲ ಅಂತ ಆಮೇಲೆ ತಿಳಿಯುತ್ತದೆ. ತಪ್ಪಿಸಿ ಕಳಿಸಿದರೆ ಅವಳೇ ಕೊಂದವಳು. ಏನೇ ಆರಿಸಿದರೂ ಅದೇ ತಪ್ಪು! ಇದನ್ನು ನೀನು ನೈತಿಕ ಗೊಂದಲ ಅಂತ ಕರೆದಿದ್ದೀಯ. ನನಗೆ ಇದು ಓಡುವವನಿಗೆ ಕಾಲು ಅಡ್ಡ ಕೊಟ್ಟ ಹಾಗೆ ಕಾಣುತ್ತದೆ.

ಮೊದಲು ಒಂದು ನಿಜವನ್ನು ಗಟ್ಟಿ ಮಾಡಿಕೋ. ಅವಳು ಕೊಂದಿದ್ದಾಳೋ ಇಲ್ಲವೋ? ಆಟಗಾರ ಯಾವ ಗುಂಡಿ ಒತ್ತಿದರೂ ಅದು ಬದಲಾಗಬಾರದು. ಆಮೇಲೆ ಅದರ ಗುರುತುಗಳನ್ನು ಅಲ್ಲಲ್ಲಿ ಬಿಟ್ಟು ಬಾ. ಹುಡುಕಿದವನಿಗೆ ಸಿಗಲಿ, ಅವಸರದಲ್ಲಿ ಓಡಿದವನಿಗೆ ತಪ್ಪಿಹೋಗಲಿ. ಪೆಟ್ಟು ಬಿದ್ದಾಗ ಅವನು 'ಅಯ್ಯೋ, ನಾನು ನೋಡಿದ್ದೆನಲ್ಲ' ಅನ್ನಬೇಕು. 'ಇದು ನನಗೆ ಹೇಗೆ ಗೊತ್ತಾಗಬೇಕಿತ್ತು' ಅಂದರೆ ಬೈಗುಳ ನಿನಗೇ.

ಇನ್ನೂ ಕಷ್ಟದ ಕೆಲಸ ಬೇರೆ ಇದೆ. ಎಲ್ಲ ಗೊತ್ತಾದ ಮೇಲೂ ಕೈ ತಡೆಯುವಂಥ ಆಯ್ಕೆ ಬರೆಯುವುದು. 2009ರ 'ಡ್ರ್ಯಾಗನ್ ಏಜ್: ಆರಿಜಿನ್ಸ್' ಆಡಿದ್ದೀಯ ಅಲ್ವಾ? ಅಲ್ಲಿ ಡ್ವಾರ್ಫ್‌ಗಳ, ಅಂದರೆ ಕಥೆಯ ಕುಳ್ಳ ಜನರ, ಊರಾದ ಓರ್ಜಾಮರ್‌ನಲ್ಲಿ ಸಿಂಹಾಸನ ಖಾಲಿ. ಅದಕ್ಕೆ ಇಬ್ಬರ ಪೈಪೋಟಿ, ಒಬ್ಬನನ್ನು ಆಟಗಾರ ಆರಿಸಬೇಕು. ಹ್ಯಾರೋಮಾಂಟ್ ಮರ್ಯಾದಸ್ಥ ಹಿರಿಯ. ಬೇಲೆನ್‌ಗೆ ಗದ್ದುಗೆ ಸಿಗುವುದಾದರೆ ಒಡಹುಟ್ಟಿದವರ ರಕ್ತವೂ ಲೆಕ್ಕಕ್ಕಿಲ್ಲ. ಮನಸ್ಸು ಸೀದಾ ಹಿರಿಯನ ಕಡೆ ಹೋಗುತ್ತದೆ. ಆದರೆ ಆ ಮರ್ಯಾದಸ್ಥ ಹಳೇ ಮೇಲು-ಕೀಳನ್ನು ಹಾಗೇ ಉಳಿಸಿ ಊರಿನ ಬಾಗಿಲು ಮುಚ್ಚುವವನು. ನೀಚನಾದ ಬೇಲೆನ್ನೇ ಕೆಳಗಿನವರಿಗೆ ಒಂದಿಷ್ಟು ದಾರಿ ಬಿಟ್ಟು, ಹೊರಗಿನವರ ಜೊತೆ ವ್ಯಾಪಾರ ತೆರೆಯುವವನು. ಒಳ್ಳೆಯ ಮನುಷ್ಯನೇ ಒಳ್ಳೆಯ ರಾಜ ಆಗಬೇಕೆಂದೇನಿಲ್ಲ ಅನ್ನೋದನ್ನು ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ಅದು ಇಬ್ಬರ ನಡತೆಯಲ್ಲೇ ಇದೆ.

ತಮಾಷೆ ಅಂದರೆ ಅದೇ ಆಟ ಇನ್ನೊಂದು ಕಡೆ ಎಡವಿದೆ. ರೆಡ್‌ಕ್ಲಿಫ್‌ನಲ್ಲಿ ಒಬ್ಬ ಹುಡುಗನ ಮೈಮೇಲೆ ಪಿಶಾಚಿ. ಹುಡುಗನನ್ನು ಕೊಲ್ಲಬೇಕು, ಇಲ್ಲಾ ತಾಯಿ ಪ್ರಾಣ ಕೊಡಬೇಕು. ಎದೆ ಹಿಂಡುವ ಆಯ್ಕೆ. ಆದರೆ ಮಂತ್ರವಾದಿಗಳ ಗೋಪುರಕ್ಕೆ ಹೋಗಿ ಸಹಾಯ ತಂದರೆ ಇಬ್ಬರೂ ಉಳಿಯುತ್ತಾರೆ. ನೀನು ಅಷ್ಟು ದೂರ ಹೋಗಿ ಬರುವ ತನಕ ಪಿಶಾಚಿ ಸುಮ್ನೆ ಕಾಯುತ್ತಾ ಕೂತಿರುತ್ತದೆ! ಮೂರನೇ ದಾರಿ ಇರಲಿ, ಬೇಡ ಅನ್ನುವುದಿಲ್ಲ. ಅದಕ್ಕೂ ಏನಾದರೂ ಖರ್ಚು ಇರಲಿ. ತಡವಾದರೆ ಊರಿನಲ್ಲಿ ಎರಡು ಮನೆ ಕಡಿಮೆಯಾಗಲಿ.

ನನ್ನದೂ ಒಂದು ಎಡವಟ್ಟು ಹೇಳುತ್ತೇನೆ. ಒಂದು ಕ್ವೆಸ್ಟ್‌ನಲ್ಲಿ ಸುಟ್ಟುಹೋದ ಊರಿನ ಜನ ಚಳಿಗಾಲದಲ್ಲಿ ಪಕ್ಕದ ಊರಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕಣಜ ಕಾಯುವವನು ಒಳಗೆ ಬಿಡಲ್ಲ ಅನ್ನುತ್ತಾನೆ. ಅವನ ಬಾಯಲ್ಲಿ ನಾನು 'ಸತ್ತರೆ ಸಾಯಲಿ, ನಮಗೇನು' ಅಂತ ಬರೆದಿದ್ದೆ. ಆಡಿಸಿ ನೋಡಿದರೆ ಟೆಸ್ಟರ್‌ಗಳೆಲ್ಲ ಬಾಗಿಲು ಒಡೆದರು, ಒಬ್ಬರೂ ಯೋಚಿಸಲಿಲ್ಲ. ಯೋಚಿಸುವುದಕ್ಕೆ ನಾನು ಬಿಟ್ಟಿದ್ದರೆ ತಾನೇ. ಆ ಸಾಲು ಹೊಡೆದುಹಾಕಿ ಹೀಗೆ ಬರೆದೆ: 'ಇರೋದು ಹನ್ನೊಂದು ಮೂಟೆ. ನಮ್ಮದೇ ಹದಿನಾರು ಮನೆ. ನೀನೇ ಹಂಚು.' ಅಷ್ಟೇ ಬದಲಾಗಿದ್ದು. ಮುಂದಿನ ಸಲ ಒಬ್ಬ ಟೆಸ್ಟರ್ ಕಂಟ್ರೋಲರ್ ಕೆಳಗಿಟ್ಟು ಎರಡು ನಿಮಿಷ ಪರದೆ ನೋಡುತ್ತಾ ಕೂತ. ಆಮೇಲೆ ಕಣಜದೊಳಗೆ ಹೋಗಿ ಮೂಟೆಗಳನ್ನು ತಾನೇ ಎಣಿಸಿದ. ಸದ್ಯ, ಕಲಾವಿದರು ಸರಿಯಾಗಿ ಹನ್ನೊಂದೇ ಜೋಡಿಸಿದ್ದರು.

ಪರಿಣಾಮವನ್ನು ಕೂಡಲೇ ತೋರಿಸಬೇಡ. ತೋರಿಸಿದರೆ ಹಳೇ ಸೇವ್ ಲೋಡ್ ಮಾಡಿ, ಅಂದರೆ ಮೊದಲೇ ಉಳಿಸಿಟ್ಟ ಜಾಗಕ್ಕೆ ಹಿಂದಿರುಗಿ, ಇನ್ನೊಂದನ್ನು ಒತ್ತಿಬಿಡುತ್ತಾರೆ. ನಾನೂ ಮಾಡುತ್ತೇನೆ, ಸುಳ್ಳೇಕೆ. 2007ರ ಮೊದಲ 'ವಿಚರ್' ಆಟ ಇದಕ್ಕೆ ಮದ್ದು ಕಂಡುಕೊಂಡಿತ್ತು. ರಾತ್ರಿ ಸರಕು ಕಾಯುವಾಗ ಬಂಡಾಯದ ಎಲ್ಫ್‌ಗಳು ಬಂದು ಪೆಟ್ಟಿಗೆ ಕೇಳುತ್ತಾರೆ. ಪಾಪ ಅಂತ ಕೊಟ್ಟರೆ ಮುಂದಿನ ಅಧ್ಯಾಯದಲ್ಲಿ, ಎಷ್ಟೋ ಗಂಟೆ ಆಡಿದ ಮೇಲೆ, ನಿನಗೆ ಸುಳಿವು ಕೊಡಬೇಕಿದ್ದ ಒಬ್ಬ ಅವರ ಕೈಯಲ್ಲೇ ಸತ್ತು ಬಿದ್ದಿರುತ್ತಾನೆ. ಅಷ್ಟು ಹಿಂದಕ್ಕೆ ಹೋಗಿ ಮತ್ತೆ ಆಡಲು ಯಾರಿಗೆ ಪುರುಸೊತ್ತು?

ನಿನ್ನ ಕ್ವೆಸ್ಟ್‌ನಲ್ಲಿ ಒಪ್ಪಿಸಿದವನಿಗೆ 200 ಚಿನ್ನದ ನಾಣ್ಯ, ಬಿಟ್ಟವನಿಗೆ 'ಒಳ್ಳೆಯತನ +10' ಅಂತ ಇದೆ. ಎರಡನ್ನೂ ತೆಗೆ. ಅಂಕ ಕೊಟ್ಟ ಕೂಡಲೇ ಅದು ಲೆಕ್ಕದ ಪರೀಕ್ಷೆ ಆಗುತ್ತದೆ. 2004ರ 'ಫೇಬಲ್'ನಲ್ಲಿ ಕೆಟ್ಟದ್ದು ಮಾಡಿದರೆ ತಲೆಗೆ ಕೊಂಬು ಬರುತ್ತಿತ್ತು. ಮಜಾ ಇತ್ತು, ಒಪ್ಪುತ್ತೇನೆ. ಆದರೆ ನಾವೆಲ್ಲ ಕೊಂಬು ಬೇಕೋ ಬೇಡವೋ ಅಂತ ಆರಿಸುತ್ತಿದ್ದೆವು, ಎದುರಿದ್ದವನ ಮುಖ ನೋಡಿ ಅಲ್ಲ.

ಪ್ರತಿ ಆಯ್ಕೆಗೂ ಕಥೆ ಕವಲೊಡೆಯಬೇಕು ಅಂತ ಹೆದರಬೇಡ. ಕವಲು ಜಾಸ್ತಿಯಾದರೆ ಧ್ವನಿ, ಅನಿಮೇಷನ್, ಟೆಸ್ಟಿಂಗ್ ಎಲ್ಲ ಹೆಚ್ಚುತ್ತದೆ, ತಂಡದವರು ನಿನ್ನನ್ನು ಶಪಿಸುತ್ತಾರೆ. ಮದ್ದಿನಾಕೆಯನ್ನು ಒಪ್ಪಿಸಿದ ಮೇಲೆ ಅವಳ ಗುಡಿಸಲಿನ ಒಲೆ ಆರಿರಲಿ. ಕಳೆದ ಸಲ ಕೆಮ್ಮುತ್ತಾ ಮದ್ದಿಗೆ ಬಂದಿದ್ದ ಮುದುಕ ಆ ಬಾಗಿಲಲ್ಲೇ ಕೂತಿರಲಿ. ಒಂದು ಮಾತೂ ಬೇಡ.

ಇನ್ನೊಂದು. ಕಾಣೆಯಾದ ಮಕ್ಕಳು ಮೂವರು ಅಂತ ಬರೆದಿದ್ದೀಯ, ಯಾರಿಗೂ ಹೆಸರಿಲ್ಲ. ಹೆಸರಿಟ್ಟು, ಅವರಲ್ಲಿ ಒಬ್ಬಳ ತಾಯಿಯ ಜೊತೆ ಆಟಗಾರನಿಗೆ ಒಂದು ಸಂಭಾಷಣೆ ಬರೆದು ಮತ್ತೆ ಕಳಿಸು. ಅವಳು ಅಳುವುದು ಬೇಡ, ಏನಾದರೂ ಕೆಲಸ ಮಾಡುತ್ತಿರಲಿ.

ಇಂತಿ,
ನಿನ್ನ ಅಕ್ಕ