ಮಗಳಿಗೊಂದು ಪತ್ರ: ಕೈ ಕಟ್ಕೊಂಡು ಕೂತೋರೆಲ್ಲ ಸಿಟ್ಟಲ್ಲಿರಲ್ಲ

ಪುಟ್ಟಿ,

ಮೀಟಿಂಗಲ್ಲಿ ನೀನು ಮಾತಾಡೋವಾಗ ಟೀಮ್ ಲೀಡ್ ಕೈ ಕಟ್ಕೊಂಡು ಕೂತಿದ್ರು, ಮುಖಾನೂ ನೋಡ್ಲಿಲ್ಲ, ನನ್ನ ಕಂಡ್ರೆ ಅವ್ರಿಗೆ ಆಗಲ್ಲ ಅಂದ್ಯಲ್ಲ, ಅದೇ ತಲೇಲಿ ಕೊರೀತಿದೆ, ಅದಕ್ಕೇ ಬರೀತಿದೀನಿ. ಕೈ ಕಟ್ಟೋಕೆ ನೂರು ಕಾರಣ ಇರತ್ತೆ ಕಣೆ. ಎಸಿ ಜಾಸ್ತಿ ಇರಬಹುದು, ಬೆನ್ನು ನೋಯ್ತಿರಬಹುದು, ನಿಮ್ಮಪ್ಪ ಕ್ರಿಕೆಟ್ ನೋಡೋವಾಗ್ಲೂ ಹಾಗೇ ಕೂರ್ತಾರೆ, ಸಿಟ್ಟಲ್ಲಿರ್ತಾರಾ? ಆ ಮನುಷ್ಯ ಮಾಮೂಲಿ ಹೇಗಿರ್ತಾರೆ, ಯಾವ ಮಾತು ಬಂದಾಗ ಬದಲಾದ್ರು, ಅದನ್ನ ನೋಡು. ಬದಲಾದ್ರು ಅನ್ನಿಸಿದ್ರೂ ಮನಸ್ಸಲ್ಲೇ ತೀರ್ಪು ಕೊಟ್ಕೋಬೇಡ, "ಸರ್, ನಾನು ಹೇಳಿದ್ರಲ್ಲಿ ಏನಾದ್ರೂ ಸರಿ ಅನ್ನಿಸ್ಲಿಲ್ವಾ" ಅಂತ ನೇರ ಕೇಳ್ಬಿಡು.

ರೀಲ್ಸಲ್ಲಿ ಹೇಳ್ತಾರಲ್ಲ, ಮಾತಲ್ಲಿ ಪದ ಬರೀ 7 ಪರ್ಸೆಂಟ್, ಮಿಕ್ಕಿದ್ದೆಲ್ಲ ಬಾಡಿ ಲ್ಯಾಂಗ್ವೇಜ್ ಅಂತ, ಅದನ್ನ ನಂಬಬೇಡ. ಆ ಲೆಕ್ಕ ಬಂದಿದ್ದು ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋ ಮನಶ್ಶಾಸ್ತ್ರಜ್ಞರ 1967ರ ಪ್ರಯೋಗಗಳಿಂದ. ಅಲ್ಲಿ ಬಿಡಿ ಪದ, ದನಿ, ಮುಖದ ಫೋಟೋ ಇಟ್ಕೊಂಡು ಇಷ್ಟ ಇದೆಯಾ ಇಲ್ವಾ ಅನ್ನೋದನ್ನಷ್ಟೇ ನೋಡಿದ್ದು, ಎಲ್ಲಾ ಮಾತಿಗೂ ಇದು ಅನ್ವಯ ಆಗಲ್ಲ ಅಂತ ಅವರೇ ಹೇಳಿದಾರೆ.

ಇನ್ನು ಕಣ್ಣಿಗೆ ಕಣ್ಣು ಕೊಡದಿದ್ರೆ ಸುಳ್ಳು ಹೇಳ್ತಿದಾರೆ ಅನ್ನೋದು. ಎಷ್ಟೋ ಅಧ್ಯಯನ ಒಟ್ಟುಗೂಡಿಸಿ 2006ರಲ್ಲಿ ನೋಡಿದಾಗ, ಸುಳ್ಳು ಯಾವ್ದು ನಿಜ ಯಾವ್ದು ಅಂತ ಜನ ಸರಿಯಾಗಿ ಹೇಳಿದ್ದು 54 ಪರ್ಸೆಂಟ್ ಅಷ್ಟೇ, ಕಾಯಿನ್ ಟಾಸ್ ಮಾಡಿದ್ರೂ ಹೆಚ್ಚುಕಡಿಮೆ ಅಷ್ಟೇ ಬರತ್ತೆ. ನಮ್ಮ ಕಡೆ ದೊಡ್ಡೋರ ಮುಂದೆ ತಲೆ ತಗ್ಗಿಸಿ ನಿಲ್ಲೋದು ಮರ್ಯಾದೆ, ಇಂಟರ್‌ವ್ಯೂಲಿ ಅದನ್ನೇ ಕಾನ್ಫಿಡೆನ್ಸ್ ಇಲ್ಲ ಅಂತ ಬರ್ಕೋತಾರೆ. ಹಳ್ಳಿಯಿಂದ ಬಂದ ಹುಡುಗ ಹುಡುಗೀರಿಗೆ ಇದರಿಂದ ಎಷ್ಟು ಅನ್ಯಾಯ ಆಗತ್ತೆ ಗೊತ್ತಾ! ನಾಳೆ ನೀನೇ ಆ ಕಡೆ ಕೂರ್ತೀಯ, ಆಗ ನೆನಪಿರ್ಲಿ.

ರೂಮ್‌ಮೇಟ್ ಜೊತೆ ಜಗಳದ ವಿಷಯ. ಅವ್ಳು ಮಾತು ನಿಲ್ಲಿಸಿ ಗೋಡೆ ನೋಡ್ತಾ ಕೂತ್ರೆ ಅದು ಸೊಕ್ಕೇ ಅಂದ್ಕೋಬೇಡ. ಗಂಡ ಹೆಂಡತಿ ಜಗಳಾನ ವರ್ಷಗಟ್ಟಲೆ ಸ್ಟಡಿ ಮಾಡಿದ ಜಾನ್ ಗಾಟ್‌ಮನ್ ಹೇಳೋದು, ಹಾಗೆ ಸುಮ್ಮನಾಗೋರ ಎದೆ ಒಳಗೆ ಎಷ್ಟೋ ಸಲ ಡವಡವ ಅಂತಿರತ್ತೆ, ಆಗ ಏನು ಹೇಳಿದ್ರೂ ತಲೆಗೆ ಹೋಗಲ್ಲ, ಕನಿಷ್ಠ 20 ನಿಮಿಷ ಬಿಟ್ಟು ಮಾತಾಡಿ ಅಂತ. ಅವರ ಪ್ರಕಾರ ಸಂಬಂಧಕ್ಕೆ ಎಲ್ಲಕ್ಕಿಂತ ಅಪಾಯ ತಿರಸ್ಕಾರ, ತುಟಿ ಒಂದು ಕಡೆ ಎಳೆಯೋದು, ಕಣ್ಣು ಮೇಲಕ್ಕೆ ತಿರುಗಿಸೋದು ಇವೆಲ್ಲ. ಬೇಜಾರಾಗ್ಬೇಡ, ಆ ಕಣ್ಣು ತಿರುಗಿಸೋ ಅಭ್ಯಾಸ ನಿಂಗಿದೆ. ಅದನ್ನ ಬಿಡು.

ಒಂದು ಕಡೆ ಮಾತ್ರ ಈ ತಾಳ್ಮೆ ಎಲ್ಲ ಬೇಡ. ಯಾರಾದ್ರೂ ಬಾಗಿಲಿಗೆ ಅಡ್ಡ ನಿಂತ್ರೆ, ನೀನು ಹಿಂದೆ ಸರಿದಷ್ಟೂ ಹತ್ತಿರ ಬಂದ್ರೆ, ಯಾಕೆ ಏನು ಅಂತ ಯೋಚಿಸ್ತಾ ನಿಲ್ಲಬೇಡ, ತಪ್ಪು ತಿಳ್ಕೊಂಡ್ರೆ ತಿಳ್ಕೊಳ್ಲಿ, ಜನ ಇರೋ ಕಡೆ ಹೋಗಿ ನಂಗೆ ಫೋನ್ ಮಾಡು, ಎಷ್ಟೊತ್ತಾಗಿದ್ರೂ ಸರಿ.

ನಿನ್ನ
ಅಮ್ಮ