ತೂಗುಸೇತುವೆ ಕಟ್ಟಲಿರುವ ಮಗಳಿಗೆ

ಪ್ರೀತಿಯ ಪುಟ್ಟೀ,

ರಜೆಯಲ್ಲಿ ಏನಾದರೂ ಕಟ್ಟೋಣ ಅಂದರೆ ಕಿಟ್ ಎಲ್ಲ ಬೆಂಗಳೂರಲ್ಲೇ ಉಳಿಯಿತು ಅಂತ ಗೊಣಗಿದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಂಡು ಅಂಗಳಕ್ಕೆ ಓಡುತ್ತೀಯ.

ಕಿಟ್ ಕೆಟ್ಟದ್ದು ಅಂತಲ್ಲ. ಆದರೆ ತೂತು ಎಲ್ಲಿರಬೇಕು, ಸ್ಕ್ರೂ ಎಷ್ಟುದ್ದ ಇರಬೇಕು ಅನ್ನುವುದನ್ನೆಲ್ಲ ಅದರಲ್ಲಿ ಬೇರೆ ಯಾರೋ ಯೋಚಿಸಿ ಮುಗಿಸಿರುತ್ತಾರೆ. ಮಜಾ ಇರುವುದೇ ಆ ಯೋಚನೆಯಲ್ಲಿ. ಅಜ್ಜನ ಮನೆಯಲ್ಲಿ ಹುರಿಹಗ್ಗ ಇದೆ, ಅಡಿಕೆ ಮರ ಸೀಳಿದ ದಬ್ಬೆ ಇದೆ, ಹಿಡಿಸೂಡಿ (ಪೊರಕೆ) ಕಡ್ಡಿ ಬೇಕಾದಷ್ಟಿದೆ. ಒಂದು ತೂಗುಸೇತುವೆಗೆ ಇಷ್ಟು ಸಾಕು.

ತೂಗುಸೇತುವೆಯೇ ಯಾಕೆ ಅಂದರೆ, ನೀನೀಗ ಇರುವುದು ಸುಳ್ಯದಲ್ಲಿ. ಗಿರೀಶ್ ಭಾರದ್ವಾಜ್ ಅವರ ಊರು. ಅವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಸೇತುವೆ ಕಟ್ಟುವವರು ಓದುವ ಸಿವಿಲ್ ಅಲ್ಲ. ಪಯಸ್ವಿನಿ ಹೊಳೆ ದಾಟಲು ಏನಾದರೂ ಮಾಡಿಕೊಡಿ ಎಂದು ಅರಂಬೂರಿನ ಜನ ಕೇಳಿದಾಗ, 1989ರಲ್ಲಿ ಉಕ್ಕಿನ ಹಗ್ಗದ ತೂಗುಸೇತುವೆ ಕಟ್ಟಿಕೊಟ್ಟರು. ಆಮೇಲೆ ಬೇರೆ ಊರುಗಳವರು, ಬೇರೆ ರಾಜ್ಯದವರು ಕರೆದರು. ಅವರು ಕಟ್ಟಿದ ಸೇತುವೆಗಳ ಲೆಕ್ಕ ನೂರು ದಾಟಿತು, 2017ರಲ್ಲಿ ಪದ್ಮಶ್ರೀ ಬಂತು. ನಾವು ಚಿಕ್ಕವರಿದ್ದಾಗ ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು ಅಡಿಕೆ ಮರದ ಪಾಲ, ಅಂದರೆ ಕಾಲುಸಂಕ, ದಾಟಬೇಕಿತ್ತು. ಹೊಳೆ ತುಂಬಿತೆಂದರೆ ಪಾಲವೂ ಹೋಯಿತು, ಶಾಲೆಯೂ ಇಲ್ಲ. ನಮಗೇನೋ ಖುಷಿ. ಆದರೆ ಆಸ್ಪತ್ರೆಗೆ ಹೋಗಬೇಕಾದವರ ಗತಿ?

ಮಾವನ ಜೊತೆ ಅಂಥ ಒಂದು ಸೇತುವೆಗೆ ಹೋಗಿ ಬಾ. ಎಲ್ಲರೂ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೀನು ದಡದಲ್ಲೇ ಸ್ವಲ್ಪ ಹೊತ್ತು ನಿಲ್ಲು. ಹಗ್ಗ ಕಂಬದ ತಲೆ ದಾಟಿ ಹಿಂದಕ್ಕೆ ಇಳಿದು ಎಲ್ಲಿಗೆ ಹೋಗುತ್ತದೆ ನೋಡು. ನೆಲದೊಳಕ್ಕೆ ಹೋಗುತ್ತದೆ. ಅಲ್ಲಿ ಕಾಂಕ್ರೀಟಿನ ಭಾರದ ಗಟ್ಟಿ ಹೂತಿರುತ್ತದೆ. ಹೊರಗೆ ಜಾಸ್ತಿ ಏನೂ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಇಡೀ ಸೇತುವೆಯಲ್ಲಿ ಮುಖ್ಯವಾದ ಜಾಗ ಅದೇ. ಯಾಕೆ ಅನ್ನುವುದನ್ನು ಓದಿ ತಿಳಿಯಬೇಡ, ಕೈಯಲ್ಲೇ ತಿಳಿದುಕೋ.

ನಿನ್ನ ಬ್ಯಾಗಿನ ಹೊರಜೇಬಿನಲ್ಲಿ ಲಗೇಜ್ ತೂಗುವ ಸ್ಪ್ರಿಂಗ್ ತಕ್ಕಡಿ ಇಟ್ಟಿದ್ದೇನೆ. ಜಗಲಿಯಲ್ಲಿ ಎರಡು ಮೀಟರ್ ದೂರದಲ್ಲಿರುವ ಎರಡು ಕಂಬ ಆರಿಸಿಕೋ. ಒಂದಕ್ಕೆ ಹಗ್ಗದ ತುದಿ ಕಟ್ಟು, ಇನ್ನೊಂದಕ್ಕೆ ತಕ್ಕಡಿ ಕಟ್ಟಿ ಅದರ ಕೊಕ್ಕೆಗೆ ಹಗ್ಗದ ಇನ್ನೊಂದು ತುದಿ ಸಿಕ್ಕಿಸು. ಹಗ್ಗದ ಸರಿಯಾಗಿ ನಡುವೆ ಒಂದು ಕಿಲೋದ ಉಪ್ಪಿನ ಪ್ಯಾಕೆಟ್ ತೂಗುಹಾಕು. ಹಗ್ಗ ನಡುವಿನಲ್ಲಿ 50 ಸೆಂ.ಮೀ. ಜೋಲುವಷ್ಟು ಸಡಿಲ ಇದ್ದರೆ ತಕ್ಕಡಿ ಒಂದು ಕಿಲೋಗಿಂತ ಸ್ವಲ್ಪವೇ ಜಾಸ್ತಿ ತೋರಿಸುತ್ತದೆ. ಈಗ ಬಿಗಿ ಮಾಡುತ್ತಾ ಬಾ. ಜೋಲು 10 ಸೆಂ.ಮೀ.ಗೆ ಬಂದಾಗ ಮುಳ್ಳು ಹತ್ತಿರ ಹತ್ತಿರ 5 ಕಿಲೋದಲ್ಲಿರುತ್ತದೆ. 5 ಸೆಂ.ಮೀ. ಆದರೆ 10 ಕಿಲೋ! ಉಪ್ಪು ಮಾತ್ರ ಅದೇ ಒಂದು ಕಿಲೋ.

ಕಾರಣ ಇಷ್ಟೇ. ಹಗ್ಗ ಎಳೆಯುವುದು ತನ್ನ ಉದ್ದಕ್ಕೆ ಮಾತ್ರ. ಉಪ್ಪನ್ನು ಮೇಲಕ್ಕೆ ಎತ್ತಿ ಹಿಡಿಯುವುದು ಆ ಎಳೆತದಲ್ಲಿ ಮೇಲ್ಮುಖವಾಗಿರುವ ಪಾಲು. ಹಗ್ಗ ಮಟ್ಟಸವಾದಷ್ಟೂ ಆ ಪಾಲು ಕಡಿಮೆ. ಹಾಗಾಗಿ ಅದೇ ಒಂದು ಕಿಲೋ ಎತ್ತಿ ಹಿಡಿಯಲು ತುಂಬಾ ಜೋರಾಗಿ ಎಳೆಯಬೇಕಾಗುತ್ತದೆ. ಒಂದಿಷ್ಟೂ ಜೋಲದ ಹಾಗೆ ಕಟ್ಟಲು ಹೊರಟರೆ ಒಂದೋ ಹಗ್ಗ ಹರಿಯುತ್ತದೆ, ಇಲ್ಲ ಕಟ್ಟಿದ ಜಾಗ ಕಿತ್ತು ಬರುತ್ತದೆ. ಬಟ್ಟೆ ಒಣಹಾಕುವ ಹಗ್ಗವನ್ನು ಎಷ್ಟು ಬಿಗಿದರೂ ಒದ್ದೆ ಬೆಡ್‌ಶೀಟ್ ಬಿದ್ದ ತಕ್ಷಣ ಜೋಲುತ್ತದಲ್ಲ, ಅಜ್ಜಿ ಬೈಯುತ್ತಾರಲ್ಲ, ಅದು ಹಗ್ಗದ ತಪ್ಪಲ್ಲ ಅಂತ ಅವರಿಗೂ ಹೇಳು.

ಇನ್ನು ಸೇತುವೆ. ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಮಾಡಿ ಒಂದೂವರೆ ಮೀಟರ್ ದೂರ ಇಡು. ಬೆನ್ನಿನಿಂದ ಬೆನ್ನಿಗೆ ಎರಡು ಹಗ್ಗ ಕಟ್ಟಿ, ಅದಕ್ಕೆ ದಾರದಿಂದ ದಬ್ಬೆಯ ಚೂರುಗಳನ್ನು ನೇತುಹಾಕು. ನಡುವಿನ ದಾರ ಗಿಡ್ಡ, ಕುರ್ಚಿ ಹತ್ತಿರದ್ದು ಉದ್ದ, ಆಗ ದಾರಿ ಮಟ್ಟಸವಾಗುತ್ತದೆ. ದಬ್ಬೆ ಸೀಳುವುದು ಅಜ್ಜನ ಕೆಲಸ, ಕತ್ತಿ ಮುಟ್ಟಬೇಡ. ಒಂದು ಪ್ಯಾಕೆಟ್ ಉಪ್ಪು ಇಟ್ಟು ನೋಡು. ಬಹುಶಃ ಎರಡೂ ಕುರ್ಚಿ ಒಂದಕ್ಕೊಂದು ನಮಸ್ಕಾರ ಮಾಡುತ್ತವೆ.

ಆಗ ಏನು ಮಾಡುತ್ತೀಯ? ಕುರ್ಚಿ ಮೇಲೆ ತಮ್ಮನನ್ನು ಕೂರಿಸಬಹುದು, ಆದರೆ ಅವನು ಎಷ್ಟು ಹೊತ್ತು ಕೂತಾನು! ಹಗ್ಗವನ್ನು ಕುರ್ಚಿಗೆ ಕಟ್ಟದೆ ಅದರ ಬೆನ್ನಿನ ಮೇಲಿಂದ ಸುಮ್ನೆ ಹಾಯಿಸಿ, ಹಿಂದೆ ದೂರದಲ್ಲಿ ಅಡಿಕೆ ಮೂಟೆಗೋ ಅರೆಯುವ ಕಲ್ಲಿಗೋ ಕಟ್ಟಿ ನೋಡು. ಈಗ ಮುಂದಿನ ಎಳೆತಕ್ಕೆ ಹಿಂದಿನ ಎಳೆತ ಸರಿಹೋಗುತ್ತದೆ. ಕುರ್ಚಿಗೆ ಉಳಿಯುವುದು ಭಾರ ಹೊತ್ತು ನಿಲ್ಲುವ ಕೆಲಸ ಮಾತ್ರ. ಹೊಳೆಯ ದಡದಲ್ಲಿ ನೀನು ನೋಡಿದ್ದೂ ಇದನ್ನೇ.

ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಹತ್ತಿರ ಬ್ರಾಟನ್ ಎಂಬಲ್ಲಿ ಸರಪಳಿಯ ಒಂದು ತೂಗುಸೇತುವೆ ಇತ್ತು. 1831ರಲ್ಲಿ ಸೈನಿಕರು ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಾ ಅದರ ಮೇಲೆ ಹೋದರು. ಸೇತುವೆ ಅದೇ ತಾಳಕ್ಕೆ ಕುಣಿಯತೊಡಗಿ ಕುಸಿಯಿತು. ಹಲವರಿಗೆ ಗಾಯವಾಯಿತು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಸೇತುವೆ ಮೇಲೆ ತಾಳ ತಪ್ಪಿಸಿ ನಡೆಯಬೇಕೆಂದು ಸೈನಿಕರಿಗೆ ಆಮೇಲೆ ಆಜ್ಞೆಯೇ ಆಯಿತು. ಈ ಕಥೆ ಹೇಳುವವರು ತಾಳದ ಬಗ್ಗೆ ಮಾತ್ರ ಹೇಳುತ್ತಾರೆ. ಮುರಿದದ್ದು ಏನು ಗೊತ್ತಾ? ಸರಪಳಿಯನ್ನು ನೆಲಕ್ಕೆ ಹಿಡಿದಿದ್ದ ಒಂದು ಬೋಲ್ಟು.

ಕುರ್ಚಿ ಬೇಜಾರಾದರೆ ಕಂಬವನ್ನೂ ನೀನೇ ಮಾಡು, ಮೇಜಿನ ಮೇಲೆ ನಿಲ್ಲುವ ಪುಟ್ಟ ಸೇತುವೆಗೆ. ಇದಕ್ಕೆ ಅರವಿಂದ ಗುಪ್ತಾ ಅವರ ಉಪಾಯ ಇದೆ. ಐಐಟಿಯಲ್ಲಿ ಓದಿದ ಎಂಜಿನಿಯರ್ ಅವರು. ಸೈಕಲ್ಲಿನ ವಾಲ್ವ್ ಟ್ಯೂಬನ್ನು (ಗಾಳಿ ತುಂಬುವ ಮೂತಿಯ ತೆಳು ರಬ್ಬರ್ ಕೊಳವೆ) ಚೂರು ಚೂರು ಮಾಡಿ, ಅದರೊಳಗೆ ಬೆಂಕಿಕಡ್ಡಿ ತೂರಿಸಿ, ಬಗ್ಗುವ ಕೀಲು ಮಾಡಿ ತೋರಿಸಿದರು. ಪೇಟೆಯ ಹಳೇ ಸೈಕಲ್ ಅಂಗಡಿಯಲ್ಲಿ ಆ ಟ್ಯೂಬ್ ಸಿಕ್ಕೀತು, ಮಾವನಿಗೆ ಹೇಳು. ಕಡ್ಡಿಗೆ ಹಿಡಿಸೂಡಿಯದ್ದೇ ಆಗುತ್ತದೆ. ನಾಲ್ಕು ಕಡ್ಡಿ ಸೇರಿಸಿ ಚೌಕ ಮಾಡಿ ಒಂದು ಮೂಲೆ ಒತ್ತು. ವಾಲಿ ಮಲಗುತ್ತದೆ. ಮೂರು ಕಡ್ಡಿಯ ತ್ರಿಕೋನ ಒತ್ತು. ಹಾಗೆಯೇ ನಿಲ್ಲುತ್ತದೆ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಅಡ್ಡಕಡ್ಡಿ ಹಾಕಿದರೆ ಅದು ಎರಡು ತ್ರಿಕೋನವಾಯಿತು, ಅಲ್ವಾ? ಮೊಬೈಲ್ ಟವರಿನಲ್ಲಿ, ರೈಲ್ವೆ ಸೇತುವೆಯಲ್ಲಿ, ಅಡಿಕೆ ಒಣಗಿಸುವ ಶೆಡ್ಡಿನ ಮಾಡಿನಲ್ಲಿ ಇನ್ನು ಮೇಲೆ ನಿನಗೆ ತ್ರಿಕೋನಗಳೇ ಕಾಣುತ್ತವೆ. ನನಗಂತೂ ಈ ಚಟ ಇನ್ನೂ ಬಿಟ್ಟಿಲ್ಲ.

ಒಂದು ಮಾತು. ವಸ್ತುಪ್ರದರ್ಶನಕ್ಕೆ ಥರ್ಮೋಕೋಲ್ ಸೇತುವೆ ಮಾಡಿ, ಬಣ್ಣ ಹಚ್ಚಿ, ‘ಮುಟ್ಟಬೇಡಿ’ ಅಂತ ಚೀಟಿ ಅಂಟಿಸುತ್ತಾರಲ್ಲ, ಹಾಗೆ ಮಾಡಬೇಡ. ಭಾರ ಹೊರದ ಸೇತುವೆ ಸೇತುವೆಯ ಚಿತ್ರ ಅಷ್ಟೇ. ನಿನ್ನದು ಚೆಂದ ಇಲ್ಲದಿದ್ದರೂ ಪರವಾಗಿಲ್ಲ, ಅದು ಮುರಿಯುವ ತನಕ ಉಪ್ಪು ಹೇರು. ಆದರೆ ಹೇರುವ ಮುಂಚೆ ನೋಟ್‌ಬುಕ್ಕಿನಲ್ಲಿ ಬರೆದಿಡು: ಎಷ್ಟು ಕಿಲೋಗೆ ಹೋಗುತ್ತದೆ, ಮೊದಲು ಹೋಗುವುದು ಯಾವುದು, ಹಗ್ಗವೋ ಗಂಟೋ ದಬ್ಬೆಯೋ ಹಿಂದಿನ ಕಲ್ಲೋ. ಮುರಿದ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಅನ್ನುವುದು ಸುಲಭ. ಮೊದಲೇ ಬರೆದದ್ದು ಮಾತ್ರ ಲೆಕ್ಕಕ್ಕೆ. ನನ್ನ ಊಹೆ ಗಂಟು. ಗಂಟು ಹಾಕುವುದರಲ್ಲಿ ನೀನು ನಿನ್ನ ಅಪ್ಪನ ಹಾಗೆ.

ಫೋಟೋ ಕಳಿಸುವಾಗ ಕಲ್ಲು ಕಟ್ಟಿದ ಹಿಂಬದಿಯದ್ದೂ ಇರಲಿ. ಉಪ್ಪಿನ ಪ್ಯಾಕೆಟ್ ಒಡೆದರೆ ಅಜ್ಜಿಗೆ ಉತ್ತರ ಕೊಡುವುದು ನೀನೇ, ನನ್ನ ಹೆಸರು ಎತ್ತಬೇಡ.

ನಿನ್ನ,
ಅಮ್ಮ