ಮಾವ ತಟ್ಟೆಯಲ್ಲಿ ಬಿಟ್ಟದ್ದನ್ನು ಬರೆದಿಟ್ಟ ಅತ್ತಿಗೆಗೆ

ಅಪ್ಪನ ಹೊಸ ರಿಪೋರ್ಟ್ ಬಂತು. ಇನ್ನು ಮೂರು ತಿಂಗಳು ಬಿಟ್ಟು ಬಂದರೆ ಸಾಕು ಅಂದಿದ್ದಾರೆ ಡಾಕ್ಟರ್. ಒಂದು ರಾತ್ರಿ ಶುಗರ್ ಕುಸಿದು ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ದಿನಾ ವಿಚಾರಿಸಿದವರು, ಅಪರಾತ್ರಿಯಲ್ಲಿ ಕಾರು ತಂದ ಅಣ್ಣನ ಗೆಳೆಯರು, ಆ ಹೊತ್ತಿನಲ್ಲೂ ಫೋನ್ ಎತ್ತಿದ ಡಾಕ್ಟರ್, ಹಲ್ಲಿನ ಸೆಟ್ ಸರಿ ಮಾಡಿಕೊಟ್ಟ ಡೆಂಟಿಸ್ಟ್, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಇಷ್ಟೇನಾ ಅಂತ ಬೇಜಾರು ಮಾಡಿಕೊಳ್ಳಬೇಡಿ. ಉಳಿದದ್ದೆಲ್ಲ ಅತ್ತಿಗೆಗೆ ಸೇರಬೇಕು.

ಶುಗರ್, ಬಿಪಿ ಎರಡೂ ಇರುವ ವಯಸ್ಸಾದವರು ಮನೆಯಲ್ಲಿದ್ದರೆ ಸಲಹೆಗೆ ಬರವಿಲ್ಲ. ಬಂದವರೆಲ್ಲ ಒಂದೊಂದು ಪದಾರ್ಥ ಬೇಡ ಅಂದು ಹೋಗುತ್ತಾರೆ. ಅಪ್ಪ ಮೊದಲೇ ಶಿಸ್ತಿನ ಮನುಷ್ಯ, ಒಂದೊಂದನ್ನೇ ಬಿಡುತ್ತಾ ಹೋದರು. ಪ್ಯಾಂಟ್ ಸಡಿಲವಾಯಿತು. ತೂಕ ಇಳಿದಿದೆ, ಒಳ್ಳೆಯದೇ ಆಯಿತು ಅಂದವರೂ ಇದ್ದರು. ಅತ್ತಿಗೆಗೆ ಮಾತ್ರ ಯಾಕೋ ಸರಿ ಕಾಣಲಿಲ್ಲ. ‘ಮಾವ ಕುರ್ಚಿಯಿಂದ ಏಳೋವಾಗ ಎರಡೂ ಕೈ ಊರ್ತಾರೆ, ಮೊದಲು ಹೀಗಿರಲಿಲ್ಲ’ ಅಂತ ನನಗೆ ಹೇಳಿದ್ದು ಅವರೇ.

ಆಮೇಲೆ ಒಂದು ಹಳೇ ನೋಟ್‌ಬುಕ್ ತೆಗೆದು ಬರೆಯಲು ಶುರು ಮಾಡಿದರು. ಏನು ಬಡಿಸಿದೆ ಅಂತ ಯಾರು ಬೇಕಾದರೂ ಬರೆದುಕೊಳ್ಳುತ್ತಾರೆ. ಇವರು ಬರೆದದ್ದು ಮಾವ ಏನನ್ನು ಬಿಟ್ಟು ಎದ್ದರು ಅಂತ. ಕಾಳು ಬಿಟ್ಟರು. ಸೊಪ್ಪು ಬಿಟ್ಟರು. ಹಣ್ಣಿನ ಹೋಳು ಹಾಗೇ ಇದೆ. ಮೆತ್ತಗಿನ ಅನ್ನ, ಬ್ರೆಡ್, ಚಹಾದಲ್ಲಿ ಅದ್ದಿದ ಬಿಸ್ಕತ್ತು ಮಾತ್ರ ಖಾಲಿ. ಅಂಚಿನಲ್ಲಿ ಸಣ್ಣಕ್ಷರದಲ್ಲಿ ‘ಕಾಲು ಜುಮ್ಮೆನ್ನುತ್ತದಂತೆ’ ಅಂತಲೂ ಇತ್ತು.

ಆ ರಾತ್ರಿ ಅಣ್ಣ ಊರಲ್ಲಿರಲಿಲ್ಲ. ಅಪ್ಪ ಹಸಿವಿಲ್ಲ ಅಂತ ಎರಡು ತುತ್ತು ತಿಂದು ಮಲಗಿದ್ದರು, ಶುಗರ್ ಮಾತ್ರೆ ಮಾತ್ರ ತಪ್ಪಿಸಿರಲಿಲ್ಲ. ನಡುರಾತ್ರಿ ಬೆವರು, ನಡುಕ, ತೊದಲು ಮಾತು. ಅತ್ತಿಗೆ ಬೆರಳು ಚುಚ್ಚಿ ನೋಡಿದರೆ ಶುಗರ್ 70ಕ್ಕಿಂತ ತುಂಬಾ ಕೆಳಗೆ. ನುಂಗುವಷ್ಟು ಎಚ್ಚರ ಇದೆಯಾ ಅಂತ ಮೊದಲು ನೋಡಿಕೊಂಡು (ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಆಗ ನೇರ ಆಂಬ್ಯುಲೆನ್ಸ್ ಕರೆಯಬೇಕು) ನೀರಿಗೆ ಸುಮಾರು 15 ಗ್ರಾಂ ಸಕ್ಕರೆ ಕದಡಿ ಕುಡಿಸಿದರು, 15 ನಿಮಿಷ ಬಿಟ್ಟು ಮತ್ತೆ ಚುಚ್ಚಿದರು, ಸಾಕಷ್ಟು ಏರಿರಲಿಲ್ಲ, ಮತ್ತೆ ಕುಡಿಸಿದರು. ಇನ್ಸುಲಿನ್ ಜಾಸ್ತಿ ಸುರಿಸುವ ಜಾತಿಯ ಮಾತ್ರೆ ಅದು, ಅದರ ಪ್ರಭಾವ ಬೇಗ ಇಳಿಯುವುದಿಲ್ಲ, ಶುಗರ್ ಮತ್ತೆ ಬೀಳಬಹುದು ಅಂದರು ಡಾಕ್ಟರ್. ಹಾಗಾಗಿ ಆಸ್ಪತ್ರೆಗೆ ಹೋದದ್ದು. ಅಲ್ಲೂ ಬೆಳಗಿನವರೆಗೆ ಸ್ಟೂಲ್ ಮೇಲೆ ಕೂತಿದ್ದವರು ಅತ್ತಿಗೆಯೇ.

ನಾನು ದೂರದಲ್ಲಿ ಫೋನ್ ಹಿಡಿದುಕೊಂಡಿದ್ದೆ. ಹಿಂದಿನಿಂದ ಅಪ್ಪನ ದನಿ ಕೇಳುತ್ತಿತ್ತು. ಆ ಮಂಪರಿನಲ್ಲಿ ಅವರು ಕರೆಯುತ್ತಿದ್ದದ್ದು ಅತ್ತಿಗೆಯ ಹೆಸರು. ನನ್ನದಲ್ಲ. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಯಿತು. ಮಗಳು ಫೋನಿನಲ್ಲಿ, ಸೊಸೆ ಹಾಸಿಗೆಯ ಪಕ್ಕ. ಬಾತ್‌ರೂಮ್ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿ ಅಳುತ್ತಾ ಕೂತೆ. ಅತ್ತಿಗೆಗೆ ಇದನ್ನು ಹೇಳಿಲ್ಲ. ಈಗ ಇಲ್ಲಿ ಓದುತ್ತಾರೆ. ಓದಲಿ.

ಇರಲಿ. ಆ ನೋಟ್‌ಬುಕ್ ನೋಡಿ ಡಯಟಿಷಿಯನ್ ಮೊದಲು ಕೇಳಿದ್ದೇ ‘ಇವರಿಗೆ ಹಲ್ಲಿನ ಸೆಟ್ ಇದೆಯಾ, ಸಡಿಲ ಆಗಿದೆಯಾ?’ ಅಂತ. ಆಗಿತ್ತು. ಅಗಿಯಲು ಆಗದ್ದನ್ನೆಲ್ಲ ಅಪ್ಪ ಸದ್ದಿಲ್ಲದೆ ಬಿಟ್ಟುಬಿಟ್ಟಿದ್ದರು. ಹೊಟ್ಟೆ ತುಂಬುತ್ತಿತ್ತು, ಪ್ರೊಟೀನ್ ನಾರು ಎರಡೂ ಸೇರುತ್ತಿರಲಿಲ್ಲ. ಊಟದ ನಂತರ ರಕ್ತದಲ್ಲಿನ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಸ್ನಾಯುಗಳು. ಅವೇ ಕರಗುತ್ತಾ ಹೋದರೆ ಶುಗರ್ ಹಿಡಿತಕ್ಕೆ ಬರುವುದು ಇನ್ನೂ ಕಷ್ಟ, ಅಲ್ವಾ? ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕಂತೆ. ಅಂದರೆ 60 ಕಿಲೋ ಇರುವವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ನೀವೇ ಲೆಕ್ಕ ಹಾಕಿ. (ಕಿಡ್ನಿ ತೊಂದರೆ ಇದ್ದವರ ಲೆಕ್ಕವೇ ಬೇರೆ, ಸುಮ್ನೆ ಇದನ್ನು ಓದಿ ಶುರು ಮಾಡಬೇಡಿ, ಡಾಕ್ಟರನ್ನು ಕೇಳಿ.) ಕಾಲು ಜುಮ್ಮೆನ್ನುವುದನ್ನು ನೋಡಿ ವಿಟಮಿನ್ ಬಿ12 ಟೆಸ್ಟ್ ಮಾಡಿಸಿದರು, ಕಡಿಮೆ ಇತ್ತು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಹೀಗಾಗಬಹುದು, ಶುಗರ್‌ನಿಂದ ನರಕ್ಕೆ ಬರುವ ತೊಂದರೆಯ ಹಾಗೇ ಕಾಣುತ್ತದೆ. ಡಾಕ್ಟರ್ ರಾತ್ರಿಯ ಮಾತ್ರೆ ತೆಗೆದರು. ಈ ವಯಸ್ಸಿನಲ್ಲಿ, ಇಷ್ಟೆಲ್ಲ ಇರುವಾಗ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) ಶೇಕಡಾ 8ರ ಒಳಗಿದ್ದರೆ ಸಾಕು, ಇನ್ನೂ ಇಳಿಸುವ ಹಟ ಬೇಡ ಅಂದರು. ಇಷ್ಟೂ ಹೊರಬಂದದ್ದು ಅತ್ತಿಗೆಯ ಆ ಗೀಚಿದ ಪುಟಗಳಿಂದ.

ಅಪ್ಪ ಈಗ ಕೈ ಊರದೆ ಏಳುತ್ತಾರೆ. ಕಾಳನ್ನು ಮೆತ್ತಗೆ ಬೇಯಿಸಿ ಮಸೆದರೆ ತಿನ್ನುತ್ತಾರೆ. ಮೊಟ್ಟೆ ಕಂಡರೆ ಮುಖ ಸಿಂಡರಿಸುತ್ತಾರೆ, ಆದರೂ ತಿನ್ನುತ್ತಾರೆ, ಸೊಸೆ ಎದುರಿಗೆ ನಿಂತಿರುತ್ತಾಳಲ್ಲ.

ಅತ್ತಿಗೆ, ‘ಇದನ್ನೆಲ್ಲ ಯಾಕೆ ಬರೆದೆ’ ಅಂತ ನಿಮ್ಮ ಫೋನ್ ಬರುತ್ತದೆ, ಗೊತ್ತು. ಮುಂದಿನ ತಿಂಗಳು ರಜೆ ಹಾಕಿದ್ದೇನೆ. ಅಣ್ಣನನ್ನು ಕರೆದುಕೊಂಡು ಎಲ್ಲಾದರೂ ಹೋಗಿ ಬನ್ನಿ, ಚೆನ್ನಾಗಿ ನಿದ್ದೆ ಮಾಡಿ. ಗ್ಲುಕೋಮೀಟರ್ ಸ್ಟ್ರಿಪ್ ಎಲ್ಲಿಟ್ಟಿದ್ದೀರಿ ಅಂತ ಮಾತ್ರ ಹೇಳಿ ಹೋಗಿ. ಅಲ್ಲಿಂದ ಹೊತ್ತುಹೊತ್ತಿಗೆ ಫೋನ್ ಮಾಡಿ ಮಾವ ಏನು ತಿಂದರು ಅಂತ ಕೇಳಬೇಡಿ, ರಾತ್ರಿ ನಾನೇ ಮಾಡುತ್ತೇನೆ.